ಗಂಟಲಲ್ಲಿ ಸಿಕ್ಕದ ಮೂಳೆ

ಹುಚ್ಚುನಾಯಿಯೆಂದೊಡನೆ ನಮ್ಮ ಜನರ ಮನಸ್ಸಿಗೆ ತೋರುವುದು ಬೀದಿಯುದ್ದಕ್ಕೂ ಓಡುತ್ತ ಕಂಡಕಂಡವರನ್ನು ಕಚ್ಚುವ ಪ್ರಾಣಿ. ಅಂಥದನ್ನು ಕಂಡರೆ ಮಕ್ಕಳೂ ಬಾಗಿಲಿಕ್ಕಿಕೊಳ್ಳುತ್ತಾರೆ. ಆದರೆ ನಾನು ಕಣ್ಣಾರೆ ಕಂಡ ಹುಚ್ಚುನಾಯಿಯು ಯಾರನ್ನೂ ಅಟ್ಟಿಕೊಂಡು ಹೋಗಲಿಲ್ಲ, ಬೊಗಳಲೂ ಇಲ್ಲ. ಅದರ ವೃತ್ತಾಂತವನ್ನು ಈ ತಿಂಗಳು ಗೃಹಸ್ಥರಾದ ವಾಚಕರಿಗೆ ನಿವೇದಿಸುತ್ತೇನೆ.

ಮಲೆನಾಡಿನಲ್ಲಿ ನಮ್ಮ ನೆರೆಮನೆಯವರದು ಕಾಡಿನಂಚಿನ ಅಡಕೆಯ ತೋಟ. ಒಂದು ರಾತ್ರಿ ಕೊಟ್ಟಿಗೆಯ ಹಿಂದೆ ಗದ್ದಲವಾಯಿತು. ದೀಪ ಹಿಡಿದು ಹೋಗಿ ನೋಡಲು, ಅವರ ನಾಯಿಯೂ ಒಂದು ನರಿಯೂ ಕಾದಾಡುತ್ತಿದ್ದುವು. ಮನುಷ್ಯರನ್ನು ಕಂಡರೂ ನರಿಯು ಓಡಲಿಲ್ಲ. ಸ್ವಭಾವತಃ ಅಂಜುವ ಮೃಗವು ಹೀಗೆ ಭಯವನ್ನು ತೊರೆದು ಅಂಗಳಕ್ಕೆ ಬಂದುದೇ ದೊಡ್ಡ ಎಚ್ಚರಿಕೆಯೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನಾಯಿಯ ತುಟಿಯಲ್ಲಿ ಸಣ್ಣ ಗಾಯವಾಗಿತ್ತು. ಅರಿಸಿನ ಹಚ್ಚಿದರು, ಮಾಯಿತು. ಅದಕ್ಕೆ ಲಸಿಕೆಯನ್ನು ಎಂದೂ ಹಾಕಿಸಿರಲಿಲ್ಲ.

ಆರು ವಾರಗಳ ಮೇಲೆ ಆ ಮನೆಯ ಮಗನು ಬಂದು, “ಮೇಷ್ಟ್ರೇ, ನಾಯಿ ಮಂಚದ ಕೆಳಗೆ ಸೇರಿಕೊಂಡಿದೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು, ಬಾಯಿ ಮುಚ್ಚಲಾರದು. ಬೆರಳು ಹಾಕಿ ನೋಡಿದೆ, ಏನೂ ಸಿಗಲಿಲ್ಲ” ಎಂದನು. ಅವನ ಬೆರಳಿನಲ್ಲಿ ಹಲ್ಲು ತಗುಲಿ ರಕ್ತ ಜಿನುಗಿದ ಗೀರಿತ್ತು.

ನನಗೆ ಥಟ್ಟನೆ ನೆನಪಾದುದು ಸುಶ್ರುತಸಂಹಿತೆಯ ಕಲ್ಪಸ್ಥಾನ. ನಾಯಿ, ನರಿ, ಕತ್ತೆಕಿರುಬ, ಕರಡಿ, ಹುಲಿ ಮೊದಲಾದುವಕ್ಕೆ ಈ ವ್ಯಾಧಿಯು ಬಂದಾಗ ಬಾಲವೂ ದವಡೆಯೂ ಹೆಗಲೂ ಜೋತುಬಿದ್ದು ಜೊಲ್ಲು ಸುರಿಯುವುದೆಂದು ಅಲ್ಲಿ ಹೇಳಿದೆ. ಎಷ್ಟೋ ವರ್ಷಗಳ ಹಿಂದೆ ಓದಿದ ಆ ಮಾತು ಆ ದಿನ ಮಂಚದ ಕೆಳಗೆ ಮಲಗಿತ್ತು! ಹುಡುಗನ ಕೈಯನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿಸಿ ಆಗಲೇ ಆಸ್ಪತ್ರೆಗೆ ಕಳುಹಿಸಿದೆ. ಲಸಿಕೆಯಲ್ಲದೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನೂ ಚುಚ್ಚಿದರು. ನಾಲ್ಕನೆಯ ದಿನ ನಾಯಿ ಸತ್ತಿತು. ಹುಡುಗನು ಲಸಿಕೆಯನ್ನು ಕಡೆಯವರೆಗೂ ತಪ್ಪದೆ ಹಾಕಿಸಿಕೊಂಡನು, ಕ್ಷೇಮವಾಗಿದ್ದಾನೆ.

ಜೊಲ್ಲಿನಲ್ಲಿರುವ ವೈರಾಣುವು ಗಾಯದಿಂದ ನರಗಳ ಮಾರ್ಗವಾಗಿ ಮೆದುಳಿಗೆ ಮೆಲ್ಲನೆ ಏರುತ್ತದೆ. 1885ರಲ್ಲಿ ಪಾಶ್ಚರ್ ಮಹಾಶಯನು ಕಚ್ಚಿಸಿಕೊಂಡ ಬಾಲಕನನ್ನು ಉಳಿಸಲು ಸಾಧ್ಯವಾದುದು ಈ ವಿಳಂಬದಿಂದಲೇ. ಲಕ್ಷಣಗಳು ತೋರಿದ ಮೇಲೆ ಮನುಷ್ಯನಿಗಾಗಲಿ ಪಶುವಿಗಾಗಲಿ ಚಿಕಿತ್ಸೆಯಿಲ್ಲ. ದನಗಳಿಗೂ ಹೀಗೆಯೇ ಜೊಲ್ಲು ಸುರಿಯುತ್ತದೆ. ಮೇವು ಸಿಕ್ಕಿರಬಹುದೆಂದು ಬಾಯೊಳಗೆ ಕೈಯಿಡುವ ರೂಢಿ ನಮ್ಮಲ್ಲಿ ಬಹಳ. ಅದು ಕೂಡದು.

ಸ್ವಿಟ್ಜರ್ಲೆಂಡಿನವರು 1978ರಲ್ಲಿ ಕೋಳಿಯ ತಲೆಗಳಲ್ಲಿ ಲಸಿಕೆಯನ್ನಡಗಿಸಿ ನರಿಗಳಿರುವೆಡೆ ಹರಡಿದರು. ನರಿಯ ಜಾಣತನವನ್ನೇ ಮೀರಿಸಿದ ಉಪಾಯ! ನಮ್ಮ ಕಾಡುಗಳಲ್ಲಿ ಅಂತಹ ಏರ್ಪಾಡಿಲ್ಲವಾದ್ದರಿಂದ ಬೇಲಿಯೊಳಗಿನ ನಾಯಿಬೆಕ್ಕುಗಳಿಗೇ ಲಸಿಕೆ ಹಾಕಿಸತಕ್ಕದ್ದು: ಮೂರು ತಿಂಗಳಿಗೆ ಮೊದಲನೆಯದು, ಪಶುವೈದ್ಯರು ಹೇಳಿದಾಗ ಮರುಲಸಿಕೆ, ಆಮೇಲೆ ವರ್ಷವರ್ಷವೂ. ರಾತ್ರಿ ಅವುಗಳನ್ನು ಒಳಗಿರಿಸುವುದು ಮೇಲು. ನರಿಯೋ ಮುಂಗುಸಿಯೋ ಕಚ್ಚಿದರೆ, ಲಸಿಕೆಯಾದ ನಾಯಿಯೇ ಆಗಿದ್ದರೂ, ಬರಿಗೈಯಿಂದ ಗಾಯ ಮುಟ್ಟದೆ ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಚ್ಚಿದ ಸಾಕುನಾಯಿಯನ್ನು ಹತ್ತು ದಿನ ನೋಡುವ ಕ್ರಮವುಂಟಷ್ಟೆ. ಕಾಡುಮೃಗದ ವಿಷಯದಲ್ಲಿ ಅದು ಸಲ್ಲದು.

ನೆರೆಮನೆಗೆ ಈಗ ಹೊಸ ಮರಿ ಬಂದಿದೆ. ಅದರ ಲಸಿಕೆಯ ಚೀಟಿಯನ್ನು ಪಂಚಾಂಗ ತೂಗುವ ಮೊಳೆಗೇ ಸಿಕ್ಕಿಸಿದ್ದಾರೆ.