722 ಓಟುಗಳ ಪಾಠ

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ಹಾದಿಯ ಬಾಳೂರು, ಮೂಡಿಗೆರೆ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಪರಿಶಿಷ್ಟ ಜಾತಿಗೆ ಮೀಸಲಾದ ಈ ಕ್ಷೇತ್ರದ ಚುನಾವಣೆಗಳ ಚರಿತ್ರೆಯನ್ನು ನಮ್ಮ ಗಿರಣಿ ಕಾರ್ಮಿಕ ಬಂಧುಗಳೂ ಸಣ್ಣ ವ್ಯಾಪಾರಿಗಳೂ ಒಮ್ಮೆ ತಿರುವಿ ನೋಡಬೇಕು. ಅಂಥ ತೋಟಗಳಲ್ಲಿ ಕೊಯ್ದ ಕಾಫಿಯೇ ಗಿರಣಿಗೆ ಬರುವುದು. ಅಲ್ಲಿ ದುಡಿದ ಕೂಲಿಯೇ ಅಂಗಡಿಯ ಗಲ್ಲಾ ಪೆಟ್ಟಿಗೆಗೆ ಬೀಳುವುದು. ಆದಕಾರಣ ತೋಟದ ಕೂಲಿಗಾರನ ಓಟಿನ ಸಂಗತಿ ನಮಗೆ ಹೊರತಾದುದಲ್ಲ.

1978ರಲ್ಲಿ ಇಲ್ಲಿಂದ ಗೆದ್ದ ಮೋಟಮ್ಮನವರು ಮುಂದೆ ಮಂತ್ರಿಗಳೂ ಆದರು. ಅದೇ ವರ್ಷದ ನವೆಂಬರಿನ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ದೇಶವೇ ಈ ಕಾಫಿ ಗುಡ್ಡಗಳತ್ತ ತಿರುಗಿ ನೋಡಿತು. ದೊಡ್ಡವರ ಕಾರುಗಳು ಬಂದವು, ಹೋದವು. ಲೈನ್ ಮನೆಗಳು ಇದ್ದಲ್ಲೇ ಇದ್ದವು.

ಈಚಿನ ನಾಲ್ಕು ಚುನಾವಣೆಗಳನ್ನು ನೋಡಿರಿ. 2008ರಲ್ಲಿ ಬಿಜೆಪಿಯ ಎಂ.ಪಿ. ಕುಮಾರಸ್ವಾಮಿ ಗೆದ್ದರು, 2013ರಲ್ಲಿ ಜನತಾದಳ ಜಾತ್ಯತೀತದ ಬಿ.ಬಿ. ನಿಂಗಯ್ಯ, 2018ರಲ್ಲಿ ಮರಳಿ ಕುಮಾರಸ್ವಾಮಿ, 2023ರಲ್ಲಿ ಕಾಂಗ್ರೆಸಿನ ನಯನಾ ಮೋಟಮ್ಮ. ಯಾವ ಪಕ್ಷವನ್ನೂ ಮತದಾರರು ಬೆನ್ನುಬೆನ್ನಿಗೆ ಎರಡು ಸಲ ಆರಿಸಲಿಲ್ಲ. 2018ರಲ್ಲಿ 12 ಸಾವಿರಕ್ಕೂ ಮಿಕ್ಕಿದ್ದ ಅಂತರ 2023ರಲ್ಲಿ 722ಕ್ಕೆ ಇಳಿಯಿತು. ಟಿಕೆಟ್ ತಪ್ಪಿದ ಕುಮಾರಸ್ವಾಮಿ ಜನತಾದಳದಿಂದ ನಿಂತು 20 ಸಾವಿರಕ್ಕೂ ಹೆಚ್ಚು ಓಟು ಪಡೆದದ್ದರಿಂದ, ಯಾರ ಓಟನ್ನು ಯಾರು ಒಡೆದರೆಂಬ ಲೆಕ್ಕವನ್ನೇ ಎಲ್ಲರೂ ಹಾಕಿದರು. ಪಟ್ಟಿಯಲ್ಲಿ ಹೆಸರೇ ಇಲ್ಲದವರ ಲೆಕ್ಕ ಹಾಕುವವರಾರು?

ತೋಟದ ಆಳು ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋದರೆ ಗಂಟುಮೂಟೆ ಅವನ ಜೊತೆ ಹೋಗುತ್ತದೆ. ಓಟರ ಪಟ್ಟಿಯ ಹೆಸರು ತಾನಾಗಿ ಹೋಗುವುದಿಲ್ಲ. ಲೈನ್ ಮನೆ ಧಣಿಯದು, ಮನೆಪತ್ರ ತನ್ನಲ್ಲಿಲ್ಲ, ಆದುದರಿಂದ ತನಗೆ ಹಕ್ಕಿಲ್ಲವೆಂದು ಭಾವಿಸುವವನು ಕಾನೂನನ್ನು ಕೇಳಲಿ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 20ನೆಯ ವಿಧಿಯಂತೆ, ಮನೆಯ ಒಡೆತನವೊಂದರಿಂದಲೇ ಯಾರೂ ಆ ಊರಿನ ಮತದಾರನಾಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ವಾಸವಾಗಿರಬೇಕು. ಅಂದರೆ ಬೆಂಗಳೂರಿನಲ್ಲೇ ವಾಸಿಸುವ ತೋಟದೊಡೆಯನಿಗೆ ಬಾಳೂರಿನಲ್ಲಿ ಇಲ್ಲದ ಹಕ್ಕು, ಬಾಳೂರಿನ ಲೈನಿನಲ್ಲೇ ಬದುಕುವ ಆಳಿಗೆ ಇದೆ! ಹಂಗಾಮಿಗೆ ಬಂದು ಹಿಂತಿರುಗುವವರ ಓಟು ಅವರ ಊರಿನಲ್ಲೇ ಉಳಿಯುತ್ತದೆ. ನಾವು ಹೇಳುತ್ತಿರುವುದು ಇಲ್ಲಿಯೇ ನೆಲೆಸಿದವರ ಮಾತು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಾಸ ಬದಲಿಸಿದವರಿಗೆ ನಮೂನೆ 8.

ಹೆಸರಿದ್ದರೂ ಬಿಡುವು ಸಿಗದಿದ್ದರೆ ಹೆಸರಿನಿಂದ ಫಲವೇನು? ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣರು ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಒಂದು ಓಟಿನಿಂದ ಸೋಲಿಸಿದರು. ಸೋತವರ ಕಾರಿನ ಚಾಲಕನಿಗೇ ಅಂದು ಓಟು ಹಾಕಲು ಬಿಡುವಾಗಲಿಲ್ಲವೆಂಬುದು ನಾಡಿನಲ್ಲೆಲ್ಲ ಹರಡಿದ ಮಾತು. 1951ರ ಕಾಯಿದೆಗೆ 1996ರಲ್ಲಿ ಸೇರಿಸಿದ 135-ಬಿ ವಿಧಿ, ದಿನಗೂಲಿಯವನಿಗೂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ. ತಪ್ಪಿದ ಯಜಮಾನನಿಗೆ ದಂಡ ಎಷ್ಟು? ಹೆಚ್ಚೆಂದರೆ 500 ರೂಪಾಯಿ! ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗುವ ಕೆಲಸಕ್ಕೆ ವಿನಾಯಿತಿಯುಂಟು, ನಿಜ. ಆದರೆ ಆ ವಿನಾಯಿತಿ ನೆಪವಾಗಬಾರದು.

ಈ ಮಾತನ್ನು ನಾವು ತೋಟದ ಧಣಿಗಳಿಗಷ್ಟೇ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ನಮ್ಮ ಓದುಗರಾದ ವ್ಯಾಪಾರಿಗಳ ಅಂಗಡಿಯಲ್ಲೂ ಮೂಟೆ ಹೊರುವ ಆಳಿದ್ದಾನೆ, ತಕ್ಕಡಿ ಹಿಡಿಯುವ ಹುಡುಗನಿದ್ದಾನೆ. ಅಂದು ಅವನಿಗೆ ಕೂಲಿ ಕೊಟ್ಟು ಬೀಳ್ಕೊಡುವಿರಾ? ಗಿರಣಿಯ ಸಂಗಾತಿಗಳೆ, ತೋಟದಲ್ಲಿರುವ ನಿಮ್ಮ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದ್ದೀರಾ?

ಮುಂದಿನ ಚುನಾವಣೆ 2028ರಲ್ಲಿ ಬರಬೇಕು. ಆಗ ಪಟ್ಟಿ ಹುಡುಕಿದರೆ ಊಟಕ್ಕೆ ಕುಳಿತ ಮೇಲೆ ಭತ್ತ ಕುಟ್ಟಲು ಹೊರಟಂತೆ. ನಾಲ್ಕಾರು ತೋಟಗಳ ಲೈನುಗಳಲ್ಲಿ 722 ಓಟು ಹುಡುಕುವುದು ಕಷ್ಟವಲ್ಲ. ಅವು ಎಚ್ಚೆತ್ತ ದಿನ, ಕಾರುಗಳು ಲೈನ್ ಮನೆಯ ಮುಂದೆ ನಿಲ್ಲದೆ ಹೋಗಲಾರವು.