ಹಳೆಯ ಗಾಡಿಯ ಎಣ್ಣೆ

2014ರಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತುಹೋಯಿತು. ಅದನ್ನು ಸಾಕುವವರ ಪ್ರೀತಿ ನಿಂತಿಲ್ಲ. ಹೈದರಾಬಾದಿನಿಂದ ಹಬ್ಬಕ್ಕೆ ರಾಯಚೂರಿಗೋ ಕಲಬುರಗಿಗೋ ಹೊರಡುವ ಮುನ್ನ ಎಂಜಿನ್ ಆಯಿಲನ್ನು ನೋಡುತ್ತೇವೆ, ಗೇರ್ ಪೆಟ್ಟಿಗೆಯನ್ನು ಮರೆಯುತ್ತೇವೆ. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಳಿದರೆ ದೀಪವೋ ಮುಳ್ಳೋ ಎಚ್ಚರಿಸುತ್ತದೆ. ಗೇರ್ ಪೆಟ್ಟಿಗೆಗೆ ಅಂಥ ಕಾವಲಿಲ್ಲ. ಎಣ್ಣೆ ಸೋರಿ, ಹಲ್ಲುಚಕ್ರ ಸವೆದು ಸದ್ದಾಗುವ ವೇಳೆಗೆ ಕಾಲ ಮಿಂಚಿರುತ್ತದೆ.

ಬದಲಿಸುವಾಗ ಎಣ್ಣೆ ತುಂಬುವ ಬಾಯಿಯ ಬಿರಡೆಯನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನದನ್ನು ಬಿಚ್ಚತಕ್ಕದ್ದು. ಮೇಲಿನದು ಬಿಗಿದು ಕೂತಿದ್ದರೆ, ಬರಿದಾದ ಪೆಟ್ಟಿಗೆಗೆ ಎಣ್ಣೆ ಹೊಯ್ಯುವುದೆಲ್ಲಿಂದ? ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯೆಂದು ಊಹಿಸದೆ, ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಿಸೋಣ. ತೆಗೆದ ಕರಿ ಎಣ್ಣೆ ಮೋರಿಯ ಮೂಲಕ ಮೂಸಿ ನದಿಗೆ ಸೇರದಂತೆ ಡಬ್ಬಿಯಲ್ಲಿ ಹಿಡಿದು, ಹಳೆ ಎಣ್ಣೆ ಕೊಳ್ಳುವವರಿಗೆ ಕೊಡೋಣ. ನಮ್ಮನ್ನು ಊರು ಮುಟ್ಟಿಸುವ ಗಾಡಿಗೆ ಇಷ್ಟಾದರೂ ಸಲ್ಲಬೇಡವೇ?