ತಾಯಿ ತರಗತಿಯಲ್ಲಿ, ಮಗು ಮನೆಯಲ್ಲಿ

ಹೆರಿಗೆಗೆ ತವರಿಗೆ ಬಂದ ಮಗಳು ಬಾಣಂತನ ಮುಗಿಸಿ ಮತ್ತೆ ಪುಸ್ತಕ ಹಿಡಿಯುವುದು ಈಗ ಅಪರೂಪದ ಸಂಗತಿಯೇನಲ್ಲ. ಬಿ.ಎಡ್. ಅರ್ಧಕ್ಕೆ ನಿಂತಿರುತ್ತದೆ, ಇಲ್ಲವೇ ಎಂ.ಎ. ಕೊನೆಯ ಸೆಮಿಸ್ಟರ್ ಬಾಕಿ ಇರುತ್ತದೆ. ಮಗುವನ್ನು ನೋಡಿಕೊಳ್ಳಲು ಅಜ್ಜಿ ಸಿದ್ಧ. ಶುಲ್ಕವನ್ನೂ ಕಟ್ಟಿ ಆಗಿದೆ. ಆದರೆ ನಾಲ್ಕು ತಿಂಗಳ ಪುಟ್ಟ ಮಹಾಶಯ ಮಾತ್ರ ಬಾಟಲಿ ಕಂಡ ಕೂಡಲೇ ಬಾಯಿ ಬಿಗಿದುಕೊಳ್ಳುತ್ತಾನೆ! ನಿಪ್ಪಲನ್ನು ನಾಲಿಗೆಯಿಂದ ಹೊರಗೆ ನೂಕಿ, ಕೇರಿಗೆಲ್ಲ ಕೇಳುವಂತೆ ಅಳುತ್ತಾನೆ.

ಆಗ ಮನೆಯಲ್ಲಿ ಎರಡು ಸಲಹೆಗಳು ಹೊರಡುತ್ತವೆ. ಒಂದು, ‘ಎದೆಹಾಲು ಬಿಡಿಸಿಬಿಡು, ತಾನೇ ದಾರಿಗೆ ಬರ್ತಾನೆ’. ಇನ್ನೊಂದು, ‘ಈ ವರ್ಷ ಓದೇ ಬೇಡ ಬಿಡು’. ಎರಡೂ ಅನಗತ್ಯ. ಮಗುವಿಗೆ ಎದೆಹಾಲು ತಪ್ಪಬೇಕಾಗಿಲ್ಲ, ತಾಯಿಗೆ ಓದು ತಪ್ಪಬೇಕಾಗಿಲ್ಲ. ಬೇಕಾದದ್ದು ಎರಡು ಮೂರು ವಾರಗಳ ಸಿದ್ಧತೆ, ಮತ್ತು ಮನೆಯವರೆಲ್ಲರ ತಾಳ್ಮೆ.

ಇದು ಹಟವಲ್ಲ

ಬಾಟಲಿ ಒಲ್ಲೆನೆನ್ನುವ ಮಗುವನ್ನು ಹಟಮಾರಿ ಎಂದು ದೂರುವುದು ತಪ್ಪು. ಎದೆಹಾಲು ಕುಡಿಯುವಾಗ ಮಗು ಬಾಯಿಯನ್ನು ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆಳೆದುಕೊಂಡು, ನಾಲಿಗೆಯಿಂದ ಒತ್ತಿ ಹಾಲನ್ನು ತೆಗೆಯುತ್ತದೆ. ಮೊದಲು ಒಂದಿಷ್ಟು ಚೀಪಿದ ಮೇಲೆಯೇ ಹಾಲು ಧಾರೆಯಾಗಿ ಇಳಿಯುತ್ತದೆ. ಬಾಟಲಿಯಲ್ಲಿ ಹಾಗಲ್ಲ. ರಬ್ಬರಿನ ತುದಿ ಬಾಯಿಗೆ ತಾಗಿದೊಡನೆ ಹಾಲು ಬರುತ್ತದೆ. ಉಸಿರಾಡಲು ಪುರುಸೊತ್ತು ಕೊಡದೆ ಬರುತ್ತದೆ. ಬಿಸುಪು ಬೇರೆ, ವಾಸನೆ ಬೇರೆ, ಎತ್ತಿಕೊಂಡ ಕೈಯೂ ಬೇರೆ. ಪಾಪ, ಮಗು ಬೆದರದೆ ಏನು ಮಾಡೀತು?

ಬಾಟಲಿಯೇ ಏಕೆ?

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಕೇಳಿಕೊಳ್ಳಬೇಕು. ನಮಗೆ ಬೇಕಾದದ್ದು ಮಗು ಬಾಟಲಿ ಹಿಡಿಯುವುದೋ ಅಥವಾ ತಾಯಿ ಇಲ್ಲದಾಗ ಅದರ ಹೊಟ್ಟೆ ತುಂಬುವುದೋ? ಹೊಟ್ಟೆ ತುಂಬುವುದೇ ಗುರಿಯಾದರೆ, ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆ ಇದೆ. ನಾಮಕರಣಕ್ಕೆ ಉಡುಗೊರೆಯಾಗಿ ಬಂದ ಬೆಳ್ಳಿಯ ಒಳಲೆ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಸ್ಟೀಲಿನದೂ ಸಿಗುತ್ತದೆ. ಒಳಲೆಗೆ ಮೂಲೆ ಮುಡುಕುಗಳಿಲ್ಲ. ತೊಳೆದು ಕುದಿಸಿದರೆ ಶುದ್ಧ. ಬಾಟಲಿಯ ಕುತ್ತಿಗೆಯಲ್ಲೂ ನಿಪ್ಪಲಿನ ಒಳಗೂ ಹಾಲಿನ ಜಿಡ್ಡು ಉಳಿದು, ಅಲ್ಲಿ ರೋಗಾಣುಗಳು ಬೆಳೆದು, ಮಗುವಿಗೆ ಭೇದಿ ತರುತ್ತವೆ. ಎದೆಹಾಲಿನ ಬದಲಿ ಪುಡಿಗಳ ಜೊತೆಗೆ ಹಾಲುಣಿಸುವ ಬಾಟಲಿಯ ಜಾಹೀರಾತನ್ನೂ ನಮ್ಮ ದೇಶದ 1992ರ ಕಾಯಿದೆ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಆದರೆ ಹಳೆಯ ಒಂದು ಕ್ರಮವನ್ನು ಮಾತ್ರ ಕೈಬಿಡಬೇಕು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಒಳಲೆ ಸುರಿಯುವುದು ಅಪಾಯ. ಹಾಲು ನೆತ್ತಿಗೇರಿ ಶ್ವಾಸಕೋಶ ಸೇರಬಹುದು. ಮಗುವನ್ನು ತೊಡೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೂರಿಸಿ, ತಲೆಗೆ ಆಸರೆ ಕೊಟ್ಟು, ಒಳಲೆಯ ತುದಿಯನ್ನು ತುಟಿಯ ಅಂಚಿಗಿಟ್ಟು ಸ್ವಲ್ಪಸ್ವಲ್ಪವೇ ಹಾಕಿ. ನುಂಗಿದ ಮೇಲೆ ಮುಂದಿನ ಗುಟುಕು. ಚಿಕ್ಕ ಲೋಟವಾದರೆ ಅದರ ಅಂಚನ್ನು ಕೆಳತುಟಿಗೆ ತಾಗಿಸಿ ಹಿಡಿದರೆ ಸಾಕು, ಮಗು ತಾನೇ ನೆಕ್ಕಿ ಕುಡಿಯುತ್ತದೆ. ಸುರಿಯಬೇಡಿ.

ಅಭ್ಯಾಸ ಮಾಡಿಸುವ ಬಗೆ

ಬಾಟಲಿಯೇ ಅನುಕೂಲ ಎನ್ನುವ ಮನೆಗಳೂ ಇವೆ. ಹಾಗಿದ್ದರೆ ಮೊದಲ ನಾಲ್ಕಾರು ವಾರ, ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾಗುವ ತನಕ, ಅದರ ತಂಟೆ ಬೇಡ. ಆಮೇಲೆ ಕಾಲೇಜು ಶುರುವಾಗುವ ಹಿಂದಿನ ದಿನಕ್ಕೆ ಕಾಯದೆ, ಎರಡು ಮೂರು ವಾರ ಮೊದಲೇ ದಿನಕ್ಕೊಂದು ಸಲ ಪ್ರಯತ್ನಿಸಿ. ಒಳಲೆಗೂ ಇದೇ ಮಾತು.

ಮಗು ಹಸಿದು ಕಂಗಾಲಾದಾಗ ಹೊಸ ಪಾಠ ಹೇಳಿಕೊಡಲು ಹೋಗಬೇಡಿ. ನಿದ್ದೆಯಿಂದೆದ್ದು ಗೆಲುವಾಗಿರುವಾಗ, ಅರೆಹಸಿವಿನಲ್ಲಿರುವಾಗ ಕೊಡಿ. ಕೊಡುವವರು ತಾಯಿ ಆಗದಿರಲಿ. ತಾಯಿ ಪಕ್ಕದಲ್ಲಿದ್ದರೆ ಆಕೆಯ ವಾಸನೆ ಹಿಡಿದ ಮಗು ಬೇರೆಯದನ್ನು ಏಕೆ ಒಪ್ಪೀತು? ಆಕೆ ಆ ಹತ್ತು ನಿಮಿಷ ಬೇರೆ ಕೋಣೆಯಲ್ಲೋ ಅಂಗಳದಲ್ಲೋ ಇರಲಿ. ತಾಯಿ ಉಟ್ಟ ಹಳೆಯ ಸೀರೆಯ ತುಂಡನ್ನು ಮಗುವಿಗೆ ಹೊದಿಸಬಹುದು. ನಿಪ್ಪಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯಿರಿ. ಹಾಲು ನಿಧಾನವಾಗಿ ಬರುವಂಥ ನಿಪ್ಪಲ್ ಇರಲಿ. ಅದನ್ನು ಬಾಯಿಗೆ ತುರುಕದೆ, ತುಟಿಗೆ ಸವರಿ, ಮಗು ಬಾಯಿ ತೆರೆಯುವವರೆಗೆ ಕಾಯಿರಿ. ಬಾಟಲಿಯನ್ನು ಮಲಗಿಸಿದಂತೆ ಹಿಡಿದು ನಡುನಡುವೆ ಬಿಡುವು ಕೊಡಿ. ಮಗು ಅತ್ತರೆ ಅಲ್ಲಿಗೆ ನಿಲ್ಲಿಸಿ, ನಾಳೆ ನೋಡೋಣ. ಬಲವಂತದಿಂದ ಒಂದು ದಿನ ಗೆದ್ದರೆ ಹತ್ತು ದಿನ ಸೋಲುತ್ತೀರಿ.

ಹಾಲು ಹಿಂಡಿ ಇಡುವುದು

ಈ ಪಾತ್ರೆಗಳಲ್ಲಿ ಇರಬೇಕಾದದ್ದು ತಾಯಿಯ ಹಾಲೇ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವುದು ಈ ವಯಸ್ಸಿಗೆ ಸಲ್ಲದು.

ಕೈಯನ್ನು ಸೋಪಿನಿಂದ ತೊಳೆದು, ಹೆಬ್ಬೆರಳನ್ನು ಕಪ್ಪು ಭಾಗದ ಅಂಚಿನ ಮೇಲೂ ಉಳಿದ ಬೆರಳುಗಳನ್ನು ಕೆಳಗೂ ಇಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಹಿಂಡಬೇಕು. ತೊಟ್ಟನ್ನು ಎಳೆಯಬಾರದು. ಮೊದಲ ದಿನ ನಾಲ್ಕು ಚಮಚ ಬಂದರೂ ಎದೆಗುಂದಬೇಡಿ, ದಿನ ಕಳೆದಂತೆ ಹೆಚ್ಚುತ್ತದೆ. ಕುದಿಸಿ ಆರಿಸಿದ ಸ್ಟೀಲಿನ ಅಥವಾ ಗಾಜಿನ ಮುಚ್ಚಳದ ಪಾತ್ರೆಯಲ್ಲಿ ಇಡಿ. ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ, ಫ್ರಿಜ್‌ನಲ್ಲಿಟ್ಟದ್ದನ್ನು ಒಂದು ದಿನದೊಳಗೆ ಬಳಸಿಬಿಡುವುದು ಕ್ಷೇಮ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಬೆಚ್ಚಗೆ ಮಾಡಿ. ಕೆನೆ ಮೇಲೆ ನಿಂತರೆ ಕೆಟ್ಟಿತೆಂದು ತಿಳಿಯಬೇಡಿ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಮಗು ಕುಡಿದು ಬಿಟ್ಟದ್ದನ್ನು ಮತ್ತೆ ಎತ್ತಿಡಬೇಡಿ.

ಎಷ್ಟು ಬೇಕು? ತಾಯಿ ಹೊರಗಿರುವ ಪ್ರತಿ ಗಂಟೆಗೆ ಸುಮಾರು 30 ಮಿ.ಲೀ. ಎಂದು ಲೆಕ್ಕ ಹಾಕಬಹುದು. ನಾಲ್ಕು ಗಂಟೆಯ ತರಗತಿಗೆ 120 ಮಿ.ಲೀ. ಹೊರಡುವ ಮುನ್ನ ಒಮ್ಮೆ, ಬಂದ ಕೂಡಲೇ ಒಮ್ಮೆ ಎದೆಗೆ ಹಾಕಿಕೊಳ್ಳಿ. ಕೆಲವು ಮಕ್ಕಳು ಹಗಲಿನಲ್ಲಿ ಕಡಿಮೆ ಕುಡಿದು ರಾತ್ರಿ ಅದರ ಬಾಕಿ ತೀರಿಸಿಕೊಳ್ಳುತ್ತವೆ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಾ, ತೂಕ ಏರುತ್ತಿದ್ದರೆ ಚಿಂತೆ ಬೇಡ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆರು ತಿಂಗಳು ತುಂಬಿದ ಮಗುವಾದರೆ ತಾಪತ್ರಯ ಇನ್ನೂ ಕಡಿಮೆ: ಹಗಲಿನಲ್ಲಿ ರಾಗಿ ಸರಿ, ಮೆತ್ತಗಿನ ಬೇಳೆ-ಅನ್ನದ ಜೊತೆಗೆ ಲೋಟದಲ್ಲಿ ಹಾಲು ಕುಡಿಸಬಹುದು.

ಮನೆಯವರಿಗೊಂದು ಮಾತು

ಕಾಲೇಜಿನಲ್ಲಿ ಎದೆ ಬಿಗಿದು, ಹಾಲು ಕಟ್ಟಿಕೊಂಡು, ರವಿಕೆ ಒದ್ದೆಯಾದ ಹುಡುಗಿಗೆ ಪಾಠ ತಲೆಗೆ ಹತ್ತುವುದಿಲ್ಲ. ಬಿಡುವಿನಲ್ಲಿ ಹಾಲು ಹಿಂಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಹಾಗೆಂದು ಕೇಳಲು ನಾಚಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗವು 2016ರ ನಿಯಮಗಳಲ್ಲಿ ಸಂಶೋಧನಾ ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ರಜೆಗೆ ಅವಕಾಶ ಕೊಟ್ಟಿತು. 2021ರಲ್ಲಿ ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ರಜೆ, ಹಾಜರಾತಿ ವಿನಾಯಿತಿ ಸಿಗುವಂತೆ ನಿಯಮ ರೂಪಿಸಿರೆಂದು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯಿತು. ನಿಮ್ಮ ವಿಶ್ವವಿದ್ಯಾಲಯ ಏನು ನಿಯಮ ಮಾಡಿದೆ ಎಂದು ಕಚೇರಿಯಲ್ಲಿ ವಿಚಾರಿಸಿ.

ಹಾಲುಣಿಸುವುದು ಅಜ್ಜಿಯೊಬ್ಬಳ ಕೆಲಸವೂ ಅಲ್ಲ. ಮಗುವಿನ ಅಪ್ಪ, ತಾತ, ಕಾಲೇಜಿಗೆ ಹೋಗುವ ಸೋದರಮಾವ ಯಾರೇ ಆದರೂ ಒಂದು ವಾರದಲ್ಲಿ ಕಲಿಯಬಹುದು. ಅಕ್ಕನ ಪರೀಕ್ಷೆಯ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಲ್ಕು ಒಳಲೆ ಹಾಲು ಕುಡಿಸಬಲ್ಲ ತಮ್ಮನಿದ್ದರೆ, ಆಕೆ ಪ್ರಶ್ನೆಪತ್ರಿಕೆಯ ಮೇಲೆ ಮನಸ್ಸಿಟ್ಟು ಬರೆಯುತ್ತಾಳೆ. ಬೀರುವಿನಲ್ಲಿರುವ ಒಳಲೆಯನ್ನು ಇವತ್ತೇ ಹುಡುಕಿ ತೆಗೆದು ತೊಳೆದಿಡಿ.